83 ಪಟ್ಟು ಝೂಮ್ ಇದ್ದರೂ ಮಂಗಟ್ಟೆ ಮಸಿಮುದ್ದೆ ಥರ ಬರುತ್ತಿದೆ, ತಪ್ಪು ನನ್ನದಾ, ಕ್ಯಾಮೆರಾದ್ದಾ?

ಗದ್ದೆಬದಿ (ಶನಿವಾರ, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ತಾಲ್ಲೂಕು. ಮನೆ ಜಗಲಿಯಲ್ಲಿ ಕೂತರೆ ಎದುರಿಗೆ ಗದ್ದೆ, ಗದ್ದೆ ದಾಟಿದರೆ ಹಳ್ಳ, ಹಳ್ಳದ ಆಚೆ ಗುಡ್ಡ. ಗುಡ್ಡದ ಬುಡದಲ್ಲಿ ಒಂದು ಬಸರಿ ಮರ ಇದೆ. ಹದಿನೈದು ದಿನದಿಂದ ಹಣ್ಣು ಬಿಟ್ಟಿದೆ. ಮಂಗಟ್ಟೆಗಳು (ದೊಡ್ಡ ಕೊಕ್ಕಿನ ಹಾರ್ನ್‌ಬಿಲ್ ಹಕ್ಕಿಗಳು) ಬೆಳಿಗ್ಗೆ ಸಂಜೆ ಬಂದು ನಗಾಡಿದ ಹಾಗೆ ಕೂಗಿಕೊಂಡು ತಿಂದು ಹೋಗುತ್ತವೆ.

ಹೋದ ತಿಂಗಳು ಶಿವಮೊಗ್ಗದಲ್ಲಿ ಒಬ್ಬರ ಹತ್ತಿರ ಸೆಕೆಂಡ್ ಹ್ಯಾಂಡ್ ನಿಕಾನ್ ಪಿ900 ತಗೊಂಡೆ. 83 ಪಟ್ಟು ಝೂಮ್. ಕೊಟ್ಟವರು ಚಂದ್ರನ ಫೋಟೋ ತೋರಿಸಿದರು. ಕುಳಿಗಳೆಲ್ಲ ಎಣಿಸುವ ಹಾಗಿತ್ತು! ಚಂದ್ರನೇ ಹಾಗೆ ಬಂದರೆ ಎದುರು ಗುಡ್ಡದ ಹಕ್ಕಿ ಯಾವ ಲೆಕ್ಕ ಅಂತ ದುಡ್ಡು ಕೊಟ್ಟು ಬಂದೆ.

ಈಗ ನೋಡಿದರೆ ಮಂಗಟ್ಟೆ ನೀರಲ್ಲಿ ಅದ್ದಿದ ಚಿತ್ರದ ಹಾಗೆ ಬರುತ್ತದೆ. ಗರಿ ಇಲ್ಲ, ಕಣ್ಣಿಲ್ಲ. ಕೊಕ್ಕು ಇರುವ ಕಡೆ ಒಂದು ಹಳದಿ ಮಸುಕು, ಅಷ್ಟೆ. ಮೊಬೈಲ್ ಮ್ಯಾಪಿನಲ್ಲಿ ಅಳೆದೆ, ಮರ ಸುಮಾರು 300 ಮೀಟರ್ ದೂರ. ತೋಟದ ಕೆಲಸ ಮುಗಿಸಿ ತಿಂಡಿ ತಿಂದು, ಒಳ್ಳೆ ಬೆಳಕು ಇರಲಿ ಅಂತ ಹನ್ನೊಂದು ಗಂಟೆಗೆ ತೆಗೆಯುತ್ತೇನೆ. ಕೈಯಲ್ಲೇ ಹಿಡಿದು, ಆಟೋ ಮೋಡಿನಲ್ಲಿ. ಮೂರು ಫೋಟೋ ಹಾಕಿದ್ದೇನೆ. ಲೆನ್ಸ್ ಹಾಳಾಗಿದೆಯಾ? ಮೋಸ ಹೋದೆನಾ?

ಕಾಜಾಣ

ಹನ್ನೊಂದು ಗಂಟೆಗೆ ಗದ್ದೆ ಮೇಲಿಂದ ತೆಗೆದರೆ ಮಂಗಟ್ಟೆ ಫೋಟೋ ಬರಲ್ಲ ಸ್ವಾಮಿ, ಬಿಸಿಲ ಝಳದ ಫೋಟೋ ಬರುತ್ತದೆ.

ಫುಲ್‌ಫ್ರೇಮ್ ಭಕ್ತ

ಬೇಜಾರಾಗಬೇಡಿ, ಅದು ಕ್ಯಾಮೆರಾ ಅಲ್ಲ, ಆಟಿಕೆ. ಬೆಳಕು ಹಿಡಿಯುವ ಸೆನ್ಸರ್ ಉಗುರಿನಷ್ಟು. ಬಂದಷ್ಟಕ್ಕೆ ಮಾರಿ, ಹಳೇ ಡಿಎಸ್‌ಎಲ್‌ಆರ್ (ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ) ಬಾಡಿ ಜೊತೆ ಒಂದು 150-600 ಮಿ.ಮೀ. ಲೆನ್ಸ್ ಹಾಕಿಕೊಳ್ಳಿ. ಮತ್ತೆ ಈ ಕಡೆ ತಿರುಗಿ ನೋಡಲ್ಲ.

ಸಾಗರದ ಮಾಣಿ

ಶುರುವಾಯ್ತು. ಯಾರು ಏನು ಕೇಳಿದರೂ "ಮಾರಿ, ದೊಡ್ಡದು ತಗೊಳ್ಳಿ" ಅಂತ ಒಂದೇ ಉತ್ತರ. ಆ ಲೆನ್ಸ್ ಒಂದೇ ಎರಡು ಕೇಜಿ ಹತ್ತಿರ ಇದೆ ಅಣ್ಣಾ. ಪಿ900 ಬ್ಯಾಟರಿ ಸೇರಿ 900 ಗ್ರಾಂ. ತೋಟಕ್ಕೆ ಹೋಗುವಾಗ ಕುತ್ತಿಗೆಗೆ ಹಾಕಿಕೊಂಡು ಹೋಗಬಹುದು. ಎರಡು ಕೇಜಿ ಕುತ್ತಿಗೆಗೆ ಹಾಕಿಕೊಂಡು ನೀವು ಅಡಿಕೆ ಹೆಕ್ಕಿ ನೋಡಿ.

ಫುಲ್‌ಫ್ರೇಮ್ ಭಕ್ತ

ಅಡಿಕೆ ಹೆಕ್ಕುವಾಗ ಯಾರು ಫೋಟೋ ತೆಗೆಯುತ್ತಾರೆ?

ಸಾಗರದ ಮಾಣಿ

ನಾನು. ಕೆಂದಳಿಲು ನಿಮಗೆ ಅಪಾಯಿಂಟ್‌ಮೆಂಟ್ ಕೊಟ್ಟು ಬರುತ್ತದಾ?

ಲೆಕ್ಕದ ಮೇಷ್ಟ್ರು

ಜಗಳ ಆಮೇಲೆ ಮಾಡಿ, ಮೊದಲು ಲೆಕ್ಕ ನೋಡೋಣ.

ಪಿ900 ಪೂರ್ತಿ ಝೂಮ್ ಅಂದರೆ ದೊಡ್ಡ ಸೆನ್ಸರಿನ ಫುಲ್‌ಫ್ರೇಮ್ ಕ್ಯಾಮೆರಾಕ್ಕೆ 2000 ಮಿ.ಮೀ. ಲೆನ್ಸ್ ಹಾಕಿದ್ದಕ್ಕೆ ಸಮ. ಆಗ 100 ಮೀಟರ್ ದೂರದಲ್ಲಿ ಫ್ರೇಮಿನ ಅಗಲಕ್ಕೆ ಹಿಡಿಸುವ ಜಾಗ ಸುಮಾರು 1.7 ಮೀಟರ್. 300 ಮೀಟರ್ ದೂರದಲ್ಲಿ 5 ಮೀಟರಿಗಿಂತ ಸ್ವಲ್ಪ ಜಾಸ್ತಿ. ನಿಮ್ಮ ಮಂಗಟ್ಟೆ ಕೊಕ್ಕಿನಿಂದ ಬಾಲದವರೆಗೆ ಅರ್ಧ ಮೀಟರ್ ಅಂತಿಟ್ಟುಕೊಳ್ಳಿ. ಅಂದರೆ ಫ್ರೇಮಿನ ಅಗಲದಲ್ಲಿ ಹತ್ತರಲ್ಲಿ ಒಂದು ಪಾಲು. ಈ ಕ್ಯಾಮೆರಾ ಫೋಟೋದ ಅಗಲ 4608 ಪಿಕ್ಸೆಲ್. ಹಕ್ಕಿಯ ಪಾಲಿಗೆ ಬರುವುದು 440 ಚಿಲ್ಲರೆ. ಅದರಲ್ಲಿ ಕಣ್ಣಿಗೆ ಎಷ್ಟು ಬರುತ್ತದೆ? ಏಳೆಂಟು ಪಿಕ್ಸೆಲ್. ಲೆನ್ಸ್ ಹೊಸದಾಗಿದ್ದರೂ ಕಣ್ಣಿನ ಹೊಳಪು ಬರುವುದಿಲ್ಲ. ಅದೇ ಹಕ್ಕಿ 100 ಮೀಟರಿನಲ್ಲಿ ಇದ್ದರೆ 1300 ಪಿಕ್ಸೆಲ್. ಗರಿ ಎಣಿಸಬಹುದು.

ಚಂದ್ರನ ವಿಷಯ ಬೇರೆ. ಚಂದ್ರ ಇರುವುದು 3 ಲಕ್ಷ 84 ಸಾವಿರ ಕಿ.ಮೀ. ದೂರದಲ್ಲಿ ಹೌದು, ಆದರೆ ಅಷ್ಟೇ ದೊಡ್ಡದೂ ಇದೆ. ಆಕಾಶದಲ್ಲಿ ಅರ್ಧ ಡಿಗ್ರಿ ಅಗಲ, ಪೂರ್ತಿ ಝೂಮಿನಲ್ಲಿ ಫ್ರೇಮಿನ ಅರ್ಧದಷ್ಟು ಅಗಲ ಅದೇ ತುಂಬುತ್ತದೆ. ಬಿಸಿಲು ಬಿದ್ದ ಕಲ್ಲು, ಕದಲುವುದೂ ಇಲ್ಲ. ಚಂದ್ರನನ್ನು ತೋರಿಸಿ ಕ್ಯಾಮೆರಾ ಮಾರುವುದು ಹಳೇ ಉಪಾಯ. ಅದರಲ್ಲಿ ಮೋಸ ಏನಿಲ್ಲ, ಆದರೆ ಹಕ್ಕಿ ಬಗ್ಗೆ ಅದು ಏನೂ ಹೇಳಲ್ಲ.

ಗದ್ದೆಬದಿ

ಮೇಷ್ಟ್ರೇ, 440 ಅಂತ ಓದಿ ಎದೆ ಧಸಕ್ ಅಂತು. ಹಾಗಾದರೆ 83 ಪಟ್ಟು ಅಂತ ಬರೆದಿರುವುದು ಸುಳ್ಳಾ?

ಲೆಕ್ಕದ ಮೇಷ್ಟ್ರು

ಸುಳ್ಳಲ್ಲ. 24 ಮಿ.ಮೀ.ನಿಂದ 2000ಕ್ಕೆ ಹೋದರೆ 83 ಪಟ್ಟು. ಅದು ಒಂದು ತುದಿಗೂ ಇನ್ನೊಂದು ತುದಿಗೂ ಇರುವ ಅಂತರ ಮಾತ್ರ. ನಿಮಗೂ ಹಕ್ಕಿಗೂ ನಡುವೆ ಇರುವ ಗಾಳಿಯನ್ನು ಅದು ತೆಗೆಯಲ್ಲ. ಗಾಳಿಯೂ 83 ಪಟ್ಟು ದೊಡ್ಡದಾಗಿ ಕಾಣುತ್ತದೆ.

ಕಾಜಾಣ ಅವರು ಒಂದೇ ಸಾಲಿನಲ್ಲಿ ಸರಿಯಾಗಿ ಹೇಳಿದ್ದಾರೆ. ಕೊಯ್ಲಾದ ಗದ್ದೆ ಬಿಸಿಲಿಗೆ ಕಾದು ಗಾಳಿ ಕುದಿಯುತ್ತದೆ. ಟಾರ್ ರಸ್ತೆ ಮೇಲೆ ಬಿಸಿಲುಗುದುರೆ ಓಡುತ್ತದಲ್ಲ, ಅದೇ. ಬೇಕಾದರೆ ಹನ್ನೊಂದು ಗಂಟೆಗೆ ಸ್ಟ್ಯಾಂಡ್ ಮೇಲಿಟ್ಟು ಆ ಮರದ ಕಾಂಡದ ವಿಡಿಯೋ ಮಾಡಿ ನೋಡಿ. ಕಾಂಡವೇ ಹಾವಿನ ಹಾಗೆ ಕುಣಿಯುತ್ತಿರುತ್ತದೆ. ಬೆಳಿಗ್ಗೆ ಏಳೂವರೆಗೆ ಇನ್ನೊಂದು ಸಲ ಮಾಡಿ. ಎರಡೂ ಇಲ್ಲಿ ಹಾಕಿ.

ಹೊಸನಗರದವಳು

ನಾನು ಐದು ವರ್ಷದಿಂದ ಇದೇ ಪಿ900 ಬಳಸುತ್ತಿದ್ದೇನೆ. ನಿಮ್ಮ ಎರಡನೇ ಫೋಟೋದಲ್ಲಿ ಹಕ್ಕಿಯ ಮುಂದಿನ ಎಲೆ ಸ್ವಲ್ಪ ಚೂಪಾಗಿ ಬಂದಿದೆ ನೋಡಿ. ಅಂದರೆ ಲೆನ್ಸ್ ಪರವಾಗಿಲ್ಲ. ಫೋಕಸ್ ಎಲೆಗೆ ಹೋಗಿದೆ. ಫೋಕಸ್ ಚೌಕವನ್ನು ಚಿಕ್ಕದು ಮಾಡಿ ನಡುವೆ ಇಟ್ಟುಕೊಳ್ಳಿ.

ಆಟೋ ಬಿಡಿ. ಡಯಲ್ ಎಸ್‌ಗೆ (ಶಟರ್ ವೇಗ ನಾವೇ ಇಡುವ ಮೋಡ್) ತಿರುಗಿಸಿ, ಕೂತ ಹಕ್ಕಿಗೆ ಶಟರ್ ಸೆಕೆಂಡಿನ 250ರಲ್ಲಿ ಒಂದು ಪಾಲಿಗೆ ಇಡಿ. ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 400 ದಾಟದ ಹಾಗೆ ಮಿತಿ ಹಾಕಿ. ದಾಟಿದರೆ ಕ್ಯಾಮೆರಾ ತಾನೇ ಒರೆಸಲು ಶುರು ಮಾಡುತ್ತದೆ, ಫೋಟೋದಲ್ಲಿ ಏಳುವ ಕಾಳು ಕಾಳು ಚುಕ್ಕೆಗಳ ಜೊತೆ ಗರಿಯನ್ನೂ ಒರೆಸಿಬಿಡುತ್ತದೆ. ನೀವು ಹೇಳುವ "ನೀರಲ್ಲಿ ಅದ್ದಿದ" ಗುಣ ಅರ್ಧ ಅಲ್ಲಿಂದ ಬಂದದ್ದು. ಮೆನುವಿನಲ್ಲಿ ನಾಯ್ಸ್ ರಿಡಕ್ಷನ್ ಅಂತ ಇದೆ, ಕಡಿಮೆಗೆ ಇಡಿ. ಈ ಮಾಡೆಲ್ಲಿಗೆ ರಾ ಫೈಲ್ (ಸಂಸ್ಕರಿಸದ ಮೂಲ ಫೋಟೋ) ಇಲ್ಲ, ಆಮೇಲೆ ತಿದ್ದುತ್ತೇನೆ ಅಂದರೆ ಆಗಲ್ಲ. ಡಿಜಿಟಲ್ ಝೂಮ್ ಆಫ್ ಮಾಡಿ. ಅದು ಸುಮ್ನೆ ಹಿಗ್ಗಿಸುವುದು.

ಮತ್ತೆ ಕೈಯಲ್ಲಿ ಹಿಡಿಯಬೇಡಿ. ಇದರಲ್ಲಿ ನಡುಕ ತಡೆಯುವ ವ್ಯವಸ್ಥೆ ಚೆನ್ನಾಗಿದೆ, ಆದರೂ 2000 ಮಿ.ಮೀ.ನಲ್ಲಿ ನಾಡಿ ಬಡಿತವೂ ಕಾಣುತ್ತದೆ. ನಾನು ನಮ್ಮೆಜಮಾನರ ಹಳೇ ಜೀನ್ಸ್ ಪ್ಯಾಂಟಿನ ಒಂದು ಕಾಲು ಕತ್ತರಿಸಿ, ಒಂದು ತುದಿ ಹೊಲಿದು, ಅಕ್ಕಿ ತುಂಬಿಸಿ ದಿಂಬು ಮಾಡಿದ್ದೇನೆ. ಜಗಲಿ ಕಟ್ಟೆ ಮೇಲೆ ಅದನ್ನಿಟ್ಟು, ಅದರ ಮೇಲೆ ಲೆನ್ಸ್ ಒತ್ತಿ ಕೂರಿಸಿದರೆ ಕಲ್ಲಿನ ಹಾಗೆ ನಿಲ್ಲುತ್ತದೆ. ಮೊದಲು ಕಾಳುಮೆಣಸು ತುಂಬಿಸಿದ್ದೆ. ಆ ವರ್ಷದ ರೇಟು ನೆನಪಾಗಿ ಅತ್ತೆ ವಾಪಸ್ ಸುರಿಸಿಕೊಂಡರು.

ಕಾಜಾಣ

ಕಾಳುಮೆಣಸಿನ ದಿಂಬು! ಫುಲ್‌ಫ್ರೇಮಿಗಿಂತ ದುಬಾರಿ ಇದು.

ಫುಲ್‌ಫ್ರೇಮ್ ಭಕ್ತ

ಎಲ್ಲರೂ ನನ್ನ ಮೇಲೇ ಬನ್ನಿ. ಆದರೆ ವಿಷಯ ಅಷ್ಟೇ: ಅದರ ಸೆನ್ಸರ್ ಸುಮಾರು 6 ಮಿ.ಮೀ. ಅಗಲ, ನಾಲ್ಕೂವರೆ ಎತ್ತರ. ಫುಲ್‌ಫ್ರೇಮ್ 36ಕ್ಕೆ 24. ವಿಸ್ತೀರ್ಣದಲ್ಲಿ 30 ಪಟ್ಟು ವ್ಯತ್ಯಾಸ. ಮಲೆನಾಡಿನ ಕಾಡೊಳಗೆ ಬೆಳಕೇ ಇಲ್ಲ. ಮಳೆಗಾಲದಲ್ಲಿ ಆಗುಂಬೆ ಕಡೆ ಮಧ್ಯಾಹ್ನ ಮೂರಕ್ಕೇ ಸಂಜೆ. ಅಲ್ಲಿ ಈ ಸೆನ್ಸರ್ ಏನು ಮಾಡುತ್ತದೆ?

ಲೆಕ್ಕದ ಮೇಷ್ಟ್ರು

30 ಪಟ್ಟು ಸರಿ, ಅದರಲ್ಲಿ ವಾದ ಇಲ್ಲ. ಕಾಡಿನ ಒಳಗೆ, ಮೋಡದಲ್ಲಿ, ಹಾರುವ ಹಕ್ಕಿಗೆ ನಿಮ್ಮದೇ ಮೇಲು. ಆದರೆ ಗದ್ದೆಬದಿಯವರು ಕೇಳುತ್ತಿರುವುದು ಬಯಲಾಚೆ ಬೆಳಕಿನಲ್ಲಿ ಕೂತ ಹಕ್ಕಿ. 600 ಲೆನ್ಸಿನಲ್ಲಿ 300 ಮೀಟರಿಗೆ ಫ್ರೇಮಿನಲ್ಲಿ 18 ಮೀಟರ್ ಅಗಲ ಬರುತ್ತದೆ, ಅಂದರೆ ಮರ ಪೂರ್ತಿ. ಹಕ್ಕಿ ಎಲ್ಲಿದೆ ಅಂತ ನೀವೂ ಹಿಗ್ಗಿಸಿಯೇ ನೋಡಬೇಕು. ಕುದಿಯುವ ಗಾಳಿ ನಿಮಗೂ ಅಷ್ಟೇ, ಅವರಿಗೂ ಅಷ್ಟೇ.

ಇನ್ನೊಂದು ಮಾತು. ಡಿಎಸ್‌ಎಲ್‌ಆರ್‌ನವರು ಎಫ್ ನಂಬರ್ (ಏರಿದಷ್ಟೂ ಲೆನ್ಸಿನ ಬಾಯಿ ಕಿರಿದಾಗುತ್ತದೆ) 8ಕ್ಕೆ ಏರಿಸಿ, ಚೂಪಾಗುತ್ತೆ ಅಂತ ಹೇಳುತ್ತಾರೆ. ಇಲ್ಲಿ ಹಾಗೆ ಮಾಡಬೇಡಿ. ಇಷ್ಟು ಸಣ್ಣ ಸೆನ್ಸರಿನಲ್ಲಿ ಬಾಯಿ ಕಿರಿದಾದಷ್ಟೂ ಬೆಳಕು ಹರಡಿಕೊಂಡು ಇನ್ನೂ ಮೆತ್ತಗಾಗುತ್ತದೆ. ಪೂರ್ತಿ ಝೂಮಿನಲ್ಲಿ ಪಿ900 ಕೊಡುವ 6.5ರಲ್ಲೇ ಬಿಟ್ಟುಬಿಡಿ.

ಫೋನ್ ಸಾಕು

ಇಷ್ಟೆಲ್ಲ ಯಾಕೆ? ನನ್ನ ಫೋನಿನಲ್ಲೇ 100 ಪಟ್ಟು ಝೂಮ್ ಇದೆ. ಚಂದ್ರ ಸೂಪರ್ ಆಗಿ ಬರುತ್ತಾನೆ.

ಸಾಗರದ ಮಾಣಿ

ಮತ್ತೆ ಚಂದ್ರ! ಫೋನ್ ಸಾಫ್ಟ್‌ವೇರಿಗೆ ಚಂದ್ರ ಹೇಗಿರುತ್ತಾನೆ ಅಂತ ಮೊದಲೇ ಗೊತ್ತಿರುತ್ತದೆ, ಗೆರೆ ತಿದ್ದಿ ಕೊಡುತ್ತದೆ. 2023ರಲ್ಲಿ ಇದರ ಮೇಲೆ ದೊಡ್ಡ ಗಲಾಟೆಯೇ ಆಗಿತ್ತು. ನಮ್ಮ ತೋಟದ ಮಂಗಟ್ಟೆ ಅದಕ್ಕೆ ಗೊತ್ತಿಲ್ಲ. ತೆಗೆದು ಹಾಕಿ ನೋಡೋಣ.

ಫೋನ್ ಸಾಕು

ನಮ್ಮ ಕಡೆ ಮಂಗಟ್ಟೆ ಇಲ್ಲ.

ಸಾಗರದ ಮಾಣಿ

ಕಾಗೆ?

ಲಕ್ಕವಳ್ಳಿ ಲೋಕಲ್

ಭದ್ರಾ ಹಿನ್ನೀರಿನಲ್ಲಿ ಬೋಟಿನಿಂದ ತೆಗೆಯುವವರಿಗೆ ಒಂದು ಮಾತು. ಇಲ್ಲಿ ಬೇಸಿಗೆಯಲ್ಲಿ ನೀರು ಇಳಿದು ನಡುಗಡ್ಡೆ ಎದ್ದಾಗ ನದಿ ರೀವಗಳು (ರಿವರ್ ಟರ್ನ್ ಹಕ್ಕಿಗಳು) ಗೂಡು ಮಾಡುತ್ತವೆ. ಎಲ್ಲರೂ ಟ್ರೈಪಾಡ್ ತಗೊಂಡು ಬೋಟ್ ಹತ್ತುತ್ತಾರೆ. ಇಂಜಿನ್ ನಡುಕ ನೇರ ಕಾಲಿನಿಂದ ಕ್ಯಾಮೆರಾಕ್ಕೆ ಏರುತ್ತದೆ. ಬೋಟಿನಲ್ಲಿ ಕೈಯೇ ಒಳ್ಳೆಯದು, ಮೈ ಸ್ವಲ್ಪ ನಡುಕ ಕುಡಿಯುತ್ತದೆ. ಶಟರ್ 1000ಕ್ಕಿಂತ ಕೆಳಗೆ ಇಳಿಸಬೇಡಿ. ಪೂರ್ತಿ ಝೂಮ್ ಹಾಕಿ ರೀವ ಹುಡುಕಲು ಹೋದರೆ ಬರೀ ನೀರು ಕಾಣುತ್ತದೆ. ಪಿ900 ಲೆನ್ಸಿನ ಎಡಪಕ್ಕ ಒಂದು ಗುಂಡಿ ಇದೆ, ಒತ್ತಿ ಹಿಡಿದರೆ ಝೂಮ್ ಹಿಂದೆ ಸರಿದು ಅಗಲ ಕಾಣುತ್ತದೆ, ಬಿಟ್ಟರೆ ಮತ್ತೆ ಅಲ್ಲಿಗೇ ಹೋಗುತ್ತದೆ. ಎಷ್ಟೋ ಜನ ಅದನ್ನು ವರ್ಷಗಟ್ಟಲೆ ಮುಟ್ಟಿರುವುದಿಲ್ಲ.

ಗದ್ದೆಬದಿ

ಆ ಗುಂಡಿ ಏನಕ್ಕೆ ಅಂತ ಇವತ್ತು ಗೊತ್ತಾಯ್ತು. ನಾನು ಅದು ಕೆಟ್ಟಿದೆ ಅಂದುಕೊಂಡಿದ್ದೆ.

ಬೆಳ್ಳಕ್ಕಿ

ಅಭ್ಯಾಸಕ್ಕೆ ಮಂಡಗದ್ದೆಗೆ ಹೋಗಿ. ಶಿವಮೊಗ್ಗ–ತೀರ್ಥಹಳ್ಳಿ ರಸ್ತೆ ಪಕ್ಕದಲ್ಲೇ, ತುಂಗೆ ನಡುವಿನ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಗೂಡು ಕಟ್ಟುತ್ತವೆ. ಈಗಲ್ಲ, ಮಳೆಗಾಲದಲ್ಲಿ, ಜುಲೈನಿಂದ. ನಡುವೆ ಹೊಳೆ ಇರುವುದರಿಂದ ನೀವೂ ಹತ್ತಿರ ಹೋಗಲ್ಲ, ಅವೂ ಹೆದರಲ್ಲ. ಝೂಮ್ ಕ್ಯಾಮೆರಾಕ್ಕೆ ಹೇಳಿ ಮಾಡಿಸಿದ ಜಾಗ. ಬಿಳಿ ಹಕ್ಕಿ ಸುಣ್ಣದ ಗೋಡೆ ಥರ ಬಂದರೆ ಎಕ್ಸ್‌ಪೋಶರ್ ಮೈನಸ್ 0.7ಕ್ಕೆ ಇಳಿಸಿ. ಆಕಾಶದ ಎದುರು ಕೂತ ಮಂಗಟ್ಟೆಗೆ ಅದರ ಉಲ್ಟಾ, ಪ್ಲಸ್.

ಸಾಗರದ ಮಾಣಿ

ಮಳೆಗಾಲದಲ್ಲಿ ಹೊಳೆದಂಡೆ ಅಂದರೆ ಉಂಬಳಕ್ಕೆ (ಜಿಗಣೆಗೆ) ಹಬ್ಬ.

ಬೆಳ್ಳಕ್ಕಿ

ಇಂಬಳ.

ಸಾಗರದ ಮಾಣಿ

ಸಾಗರದಲ್ಲಿ ಉಂಬಳ.

ಕಾಜಾಣ

ಕಾಲಿಗೆ ಹತ್ತಿದ ಮೇಲೆ ಎರಡೂ ಒಂದೇ. ಸುಣ್ಣ, ಹೊಗೆಸೊಪ್ಪು ಬಟ್ಟೆಯಲ್ಲಿ ಕಟ್ಟಿ ಇಟ್ಟುಕೊಳ್ಳಿ.

ಹೊಸನಗರದವಳು

ಮಳೆಗಾಲ ಅಂದಾಗ ನೆನಪಾಯ್ತು, ಫಂಗಸ್. ನನ್ನ ಮೊದಲ ಕ್ಯಾಮೆರಾ ಹೋಗಿದ್ದು ಅದರಿಂದಲೇ. ಜೂನ್‌ನಲ್ಲಿ ಚಂದದ ಲೆದರ್ ಚೀಲದಲ್ಲಿ ಹಾಕಿ ಬೀರುವಿನಲ್ಲಿ ಇಟ್ಟೆ. ಅಕ್ಟೋಬರಿನಲ್ಲಿ ತೆಗೆದರೆ ಲೆನ್ಸಿನ ಒಳಗೆ ಜೇಡರ ಬಲೆ. ರಿಪೇರಿಗೆ ಕೊಟ್ಟೆ. ಎರಡು ತಿಂಗಳು ಇಟ್ಟುಕೊಂಡು, ಲೆನ್ಸ್ ಬಿಚ್ಚಲು ಬರಲ್ಲ ಅಂತ ಹಾಗೇ ವಾಪಸ್ ಕೊಟ್ಟರು. ಈಗ ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ಬಣ್ಣ ತಿರುಗಿದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಬಳಸಬಹುದು. ವಾರಕ್ಕೊಮ್ಮೆ ಹೊರಗೆ ತೆಗೆದು ನಾಲ್ಕು ಫೋಟೋ ತೆಗೆಯುತ್ತೇನೆ, ಬೆಕ್ಕಿನದ್ದಾದರೂ ಸರಿ. ಗದ್ದೆಬದಿಯವರೇ, ನಿಮ್ಮದು ಸೆಕೆಂಡ್ ಹ್ಯಾಂಡ್ ಅಲ್ವಾ, ಟಾರ್ಚ್ ಬಿಟ್ಟು ಲೆನ್ಸಿನ ಒಳಗೆ ಓರೆಯಾಗಿ ನೋಡಿ.

ಗದ್ದೆಬದಿ

ನೋಡಿದೆ. ಧೂಳಿದೆ, ಬಲೆ ಇಲ್ಲ.

ಎಲ್ಲರ ಮಾತು ಓದಿದ ಮೇಲೆ ಒಂದು ಯೋಚನೆ. 100 ಮೀಟರಿಗೆ ಹೋದರೆ 1300 ಪಿಕ್ಸೆಲ್ ಅಂದರಲ್ಲ ಮೇಷ್ಟ್ರು. ಹಳ್ಳದ ಮೇಲೆ ಅಡಿಕೆ ದಬ್ಬೆ ಸಂಕ (ಕಾಲುಸೇತುವೆ) ಇದೆ. ದಾಟಿದರೆ ನಮ್ಮದೇ ಬೇಣ (ಹುಲ್ಲುಗಾವಲು). ಅಲ್ಲಿ ಕೂತರೆ ಮರ 90 ಮೀಟರ್ ಇರಬಹುದು. ನಾಳೆ ಬೆಳಿಗ್ಗೆ ಬೇಗ ಹೋಗುತ್ತೇನೆ.

ಲಕ್ಕವಳ್ಳಿ ಲೋಕಲ್

ಹೋಗಿ, ಆದರೆ ಇದು ಮಂಗನ ಕಾಯಿಲೆ ಸೀಸನ್. ಚಳಿಗಾಲದಿಂದ ಮಳೆ ಬರುವವರೆಗೆ ಅದನ್ನು ಹರಡುವ ಉಣುಗು (ಉಣ್ಣೆ ಹುಳ) ಜಾಸ್ತಿ. ತರಗೆಲೆ ಮೇಲೆ ಕೂರಬೇಡಿ, ಪ್ಯಾಂಟ್ ಸಾಕ್ಸಿನ ಒಳಗೆ ಸೇರಿಸಿ. ಆಶಾ ಕಾರ್ಯಕರ್ತೆಯರ ಹತ್ತಿರ ಉಣುಗು ಹತ್ತದ ಹಾಗೆ ಮಾಡುವ ಡೆಪಾ ಎಣ್ಣೆ ಸಿಕ್ಕಿದರೆ ಹಚ್ಚಿಕೊಳ್ಳಿ. ಮಂಗ ಸತ್ತು ಬಿದ್ದಿದೆ ಅಂತ ಗೊತ್ತಾದರೆ ಆ ಕಡೆ ಕಾಲಿಡಬೇಡಿ.

ಬೆಳ್ಳಕ್ಕಿ

ಇದು ತಮಾಷೆ ಅಲ್ಲ. ಆ ಕಾಯಿಲೆ 1957ರಲ್ಲಿ ಮೊದಲು ಕಂಡದ್ದೇ ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ. ಇಂಗ್ಲಿಷಿನಲ್ಲಿ ಅದಕ್ಕೆ ಆ ಊರಿನದ್ದೇ ಹೆಸರು. ಮನೆಗೆ ಬಂದ ತಕ್ಷಣ ಬಟ್ಟೆ ಬಿಸಿನೀರಿಗೆ ಹಾಕಿ, ಸ್ನಾನ ಮಾಡಿ.

ಫುಲ್‌ಫ್ರೇಮ್ ಭಕ್ತ

ಮತ್ತೆ ಕೆಂಪು ಟೀಶರ್ಟ್ ಹಾಕಿಕೊಂಡು ಹೋಗಬೇಡಿ. ಮನೆಯಲ್ಲಿ ಕಂಬಳಿಕೊಪ್ಪೆ (ತಲೆಯಿಂದ ಹೊದೆಯುವ ಮಡಚಿದ ಕಂಬಳಿ) ಇದ್ದರೆ ಅದನ್ನೇ ಹೊದ್ದು ಕೂರಿ. ನನ್ನ ಹತ್ತಿರ ಸಾವಿರಾರು ರೂಪಾಯಿಯ ಎಲೆ ಬಣ್ಣದ ಬಟ್ಟೆ ಇದೆ, ಕೊಪ್ಪೆಯಷ್ಟು ಕೆಲಸ ಮಾಡಲ್ಲ. ಇದರಲ್ಲಿ ಮಾತ್ರ ನನ್ನ ಮಾತು ಕೇಳಿ.

ಗದ್ದೆಬದಿ (ಮಂಗಳವಾರ, ಮಧ್ಯಾಹ್ನ 1:15)

ಎರಡು ದಿನ ಹೋಗಿ ಬಂದೆ.

ಮೊದಲ ದಿನ ದಂಡ. ಆರೂವರೆಗೆ ಹೋದೆ, ಎಂಟರವರೆಗೆ ಇಬ್ಬನಿ. ಮರವೇ ಕಾಣಲಿಲ್ಲ, ಕೂಗು ಮಾತ್ರ ಕೇಳಿತು. ಇಬ್ಬನಿ ಕರಗುವ ಹೊತ್ತಿಗೆ ಹಾಲಿನವನು ಬೈಕ್ ಹಾರ್ನ್ ಮಾಡಿದ, ಎಲ್ಲ ಹಾರಿದವು.

ಇವತ್ತು ಎಂಟಕ್ಕೆ ಹೋದೆ. ಕೊಪ್ಪೆ ಹೊದ್ದು, ಸುಲಿದಡಿಕೆ ಚೀಲ ಮಡಚಿ ಕಲ್ಲಿನ ಮೇಲೆ ಹಾಸಿ, ಅಕ್ಕಿ ದಿಂಬು (ಕಾಳುಮೆಣಸಲ್ಲ) ಬೇಲಿ ಕಂಬದ ಮೇಲಿಟ್ಟು ಕೂತೆ. ಹತ್ತು ನಿಮಿಷಕ್ಕೆ ಒಂದು ಬಂತು. ಬಸರಿ ಹಣ್ಣನ್ನು ಕೊಕ್ಕಿನ ತುದಿಯಲ್ಲಿ ಹಿಡಿದು, ಸ್ವಲ್ಪ ಮೇಲೆಸೆದು, ಬಾಯಿ ತೆರೆದು ಗಂಟಲಿಗೆ ಬೀಳಿಸಿಕೊಳ್ಳುತ್ತದೆ. ನಾವು ಕಡಲೆಬೀಜ ಎಸೆದು ಹಿಡಿಯುತ್ತೇವಲ್ಲ, ಹಾಗೆ. ಒಂದು ಸಲವೂ ತಪ್ಪಲಿಲ್ಲ. ಇದನ್ನು ಮನೆ ಜಗಲಿಯಿಂದ ಹದಿನೈದು ದಿನ ನೋಡಿದರೂ ಕಂಡಿರಲಿಲ್ಲ. ಏಳು ಫೋಟೋ ಪಟಪಟ ಅಂತ ಬಂತು, ಆಮೇಲೆ ಕ್ಯಾಮೆರಾ ಕಾರ್ಡಿಗೆ ಬರೆಯುತ್ತಾ ಕೂತಿತು. ಅಷ್ಟರಲ್ಲಿ ಹಾರಿತು. ಆರು ಹಾಳು, ಒಂದು ಉಳಿಯಿತು. ಹಾಕಿದ್ದೇನೆ. ಹಣ್ಣು ಗಾಳಿಯಲ್ಲಿದೆ ನೋಡಿ.

ಮೇಷ್ಟ್ರೇ, ಕಾಂಡದ ವಿಡಿಯೋ ಎರಡೂ ಇದೆ. ಹನ್ನೊಂದು ಗಂಟೆಯದ್ದು ನೋಡಿ ಅಮ್ಮ ಭೂಕಂಪವಾ ಅಂತ ಕೇಳಿದರು.

ಹೊಸನಗರದವಳು

ಅಬ್ಬಾ! ಕಣ್ಣಿನ ರೆಪ್ಪೆಗೂದಲು ಕಾಣುತ್ತಿದೆ.

ಫುಲ್‌ಫ್ರೇಮ್ ಭಕ್ತ

ಚೆನ್ನಾಗಿದೆ. ಹಿನ್ನೆಲೆ ಸ್ವಲ್ಪ ಗಲೀಜು. ಆದರೂ ಚೆನ್ನಾಗಿದೆ.

ಸಾಗರದ ಮಾಣಿ

ಇದನ್ನು ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಂಡಿದ್ದೇನೆ. ಫೋಟೋ ಅಲ್ಲ, ಭಕ್ತರ ಕಾಮೆಂಟು.

ಬೆಳ್ಳಕ್ಕಿ

ಗಂಡು. ಕೊಕ್ಕು ಕೆಂಪು ಛಾಯೆಯ ಕಿತ್ತಳೆ, ತುದಿ ಹಳದಿ. ಹೆಣ್ಣಿನದ್ದು ಪೂರ್ತಿ ತಿಳಿಹಳದಿ, ಕೆಳಕೊಕ್ಕಿನ ಬುಡದಲ್ಲಿ ಕಪ್ಪು. ಕೊಕ್ಕಿನ ಮೇಲೆ ದಾಸ ಮಂಗಟ್ಟೆಗೆ ಇರುವ ಹಾಗೆ ಕಿರೀಟ ಇಲ್ಲ, ಹಾಗಾಗಿ ಇದು ಮಲೆ ಮಂಗಟ್ಟೆ. ಮೊದಲು ಹಾಕಿದ ಮೂರು ಫೋಟೋದಲ್ಲಿ ಇದ್ಯಾವುದನ್ನೂ ಹೇಳಲು ಆಗುತ್ತಿರಲಿಲ್ಲ.

ಗದ್ದೆಬದಿ

ಹೌದಾ! ಒಂದು ವಿಷಯ ಮರೆತೆ. ಇದು ಎಂಟು ಹತ್ತು ಹಣ್ಣು ನುಂಗಿ ಪ್ರತಿ ಸಲ ಒಂದೇ ದಿಕ್ಕಿಗೆ ಹೋಗುತ್ತದೆ. ಅರ್ಧ ಗಂಟೆಗೆ ಮತ್ತೆ ವಾಪಸ್. ಜೊತೆಗೆ ಹೆಣ್ಣು ಇಲ್ಲ. ಹಿಂಬಾಲಿಸಿ ನೋಡಲಾ?

ಲಕ್ಕವಳ್ಳಿ ಲೋಕಲ್

ಬೇಡ.

ಬೆಳ್ಳಕ್ಕಿ

ಬೇಡವೇ ಬೇಡ. ಹೆಣ್ಣು ಮರದ ಪೊಟರೆ ಒಳಗೆ ಕೂತು, ಪೊಟರೆಯ ಬಾಯಿಯನ್ನು ಹಿಕ್ಕೆಯಿಂದ ಮುಚ್ಚಿಕೊಂಡಿರುತ್ತದೆ. ಕೊಕ್ಕು ತೂರುವಷ್ಟು ಸೀಳು ಮಾತ್ರ. ಈ ಗಂಡು ನುಂಗಿದ ಹಣ್ಣನ್ನು ಅಲ್ಲಿ ಒಂದೊಂದೇ ಕಕ್ಕಿ ಕೊಡುತ್ತದೆ. ನೀವು ಮರದ ಕೆಳಗೆ ನಿಂತರೆ ಅದು ಗೂಡಿಗೆ ಬರಲ್ಲ, ಸುತ್ತ ಹಾರುತ್ತಾ ಕಾಯುತ್ತದೆ. ನೀವು ನಿಂತಷ್ಟು ಹೊತ್ತು ಒಳಗಿನವರಿಗೆ ಉಪವಾಸ.

ಲಕ್ಕವಳ್ಳಿ ಲೋಕಲ್

ನಮ್ಮಲ್ಲಿ ರೀವಗಳ ಕಥೆಯೂ ಇದೇ. ಮೊಟ್ಟೆ ಬಯಲಲ್ಲೇ ಇರುತ್ತದೆ. ಬೋಟ್ ಹತ್ತಿರ ಹೋಗಿ ತಾಯಿ ಎದ್ದರೆ ಬಿಸಿಲಿಗೆ ಮೊಟ್ಟೆ ಬೇಯುತ್ತದೆ. ಮತ್ತೆ ನಿಮ್ಮ ಗುಡ್ಡದ ಆಚೆ ಅಭಯಾರಣ್ಯ ಇದ್ದರೆ ಅನುಮತಿ ಇಲ್ಲದೆ ಒಳಗೆ ಹೋಗುವ ಹಾಗೂ ಇಲ್ಲ. ಊರಿನ ಹೆಸರು ಇಲ್ಲಿ ಹಾಕಲಿಲ್ಲ, ಒಳ್ಳೆಯದಾಯ್ತು. ಹಾಕಲೂ ಬೇಡಿ.

ಫೋನ್ ಸಾಕು

ಲೊಕೇಶನ್ ಪ್ಲೀಸ್?

ಕಾಜಾಣ

😂

ಗದ್ದೆಬದಿ

ಇಲ್ಲ ಮಾರಾಯ್ರೆ, ಹಿಂದೆ ಹೋಗಲ್ಲ. ಊರು ಹೇಳಲ್ಲ. ಬಸರಿ ಹಣ್ಣು ಇನ್ನೊಂದು ವಾರ ಇರಬಹುದು, ಅಲ್ಲಿಯವರೆಗೆ ಬೇಣದಲ್ಲೇ ಕೂರುತ್ತೇನೆ. ಕೊಪ್ಪೆಯೊಳಗೆ ಉಣುಗು ಇದೆಯಾ ಅಂತ ಅಮ್ಮ ದಿನಾ ಕೊಡವಿ ನೋಡುತ್ತಿದ್ದಾರೆ.

ಲೆಕ್ಕದ ಮೇಷ್ಟ್ರು

ಆ ಭೂಕಂಪದ ವಿಡಿಯೋ ಹಾಕಿ. ಶಾಲೆಯಲ್ಲಿ ಮಕ್ಕಳಿಗೆ ತೋರಿಸುತ್ತೇನೆ.